ನೂರಕ್ಕೆ ಎರಡು ಟ್ಯೂಬು

ನಮ್ಮ ಲ್ಯಾಬಿನಲ್ಲಿ ಕೆಂಪು ಒಳ್ಳೆಯದು, ಹಳದಿ ಕೆಟ್ಟದ್ದು. ಬೀದಿಯ ಸಿಗ್ನಲ್ ದೀಪ ನೋಡಿ ಬೆಳೆದವರಿಗೆ ಇದು ತಲೆಕೆಳಗು ಅನಿಸಬಹುದು. ಅನಿಸಲಿ ಬಿಡಿ, ನಮ್ಮಲ್ಲಿ ತಲೆಕೆಳಗಾಗಿದ್ದದ್ದು ಅದೊಂದೇ ಅಲ್ಲ.

ಕೆಲಸ ಇಷ್ಟೇ. ರೋಗಿಯ ರಕ್ತದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಕಡ್ಡಿಯಲ್ಲಿ ಕೆರೆದು, ಒಡೆದು, ಕಿರುಬೆರಳಿಗಿಂತ ಚಿಕ್ಕ ಎರಡು ಟ್ಯೂಬುಗಳಿಗೆ ಹಾಕುತ್ತೇವೆ. ಎರಡರಲ್ಲೂ ಕೆಂಪು ನೀರು. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ, ಬೇರೆಲ್ಲ ಸೋತ ಮೇಲೆ ವಾರ್ಡಿನವರು ಕೊಡುವ ದೊಡ್ಡ ಆಂಟಿಬಯೋಟಿಕ್ ಕಲಸಿದ ನೀರು. ಆ ಬ್ಯಾಕ್ಟೀರಿಯಾದ ಹತ್ತಿರ ಔಷಧಿಯನ್ನು ಕತ್ತರಿಸಿ ಹಾಕುವ ಕಿಣ್ವ ಇದ್ದರೆ ಎರಡನೇ ಟ್ಯೂಬಿನ ನೀರು ಹುಳಿಯಾಗಿ ಹಳದಿಗೆ ತಿರುಗುತ್ತದೆ. ಹಾಗಾದರೆ ಆ ಔಷಧಿಯನ್ನು ರೋಗಿಗೆ ಏರಿಸಿದರೂ ಒಂದೇ, ಚರಂಡಿಗೆ ಸುರಿದರೂ ಒಂದೇ, ಬೇರೆಯದು ಹುಡುಕಬೇಕು. ಕೆಂಪಾಗಿಯೇ ಉಳಿದರೆ ಧೈರ್ಯವಾಗಿ ಕೊಡಬಹುದು. ಕೆಲವು ಕಿಣ್ವಗಳು ಹತ್ತೇ ನಿಮಿಷದಲ್ಲಿ ಕೈಚಳಕ ತೋರಿಸುತ್ತವೆ. ಕೆಲವು ಸೋಮಾರಿಗಳು, ಕೊನೇ ಗಳಿಗೆಯವರೆಗೆ ಬಾಯಿ ಬಿಡುವುದಿಲ್ಲ. ಅದಕ್ಕೇ ಎರಡು ಗಂಟೆ ಕಾಯಬೇಕು. ಹಾಗೆಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಬರೆದು ಅಂಟಿಸಿದವರು ಗಡಿಯಾರ ಸರ್.

ಗಡಿಯಾರ ಅವರ ಅಡ್ಡಹೆಸರು. ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುತ್ತಿದ್ದರು, ಒಂದಕ್ಕೆ ಡಬ್ಬಿ ಬಿಚ್ಚುತ್ತಿದ್ದರು, ನಾಲ್ಕಕ್ಕೆ ಕೈ ತೊಳೆಯುತ್ತಿದ್ದರು. ಅವರು ಕೈ ತೊಳೆಯುವ ಸದ್ದು ಕೇಳಿ ಪಕ್ಕದ ಎಕ್ಸ್‌ರೇ ಕೋಣೆಯವರು ಬ್ಯಾಗ್ ಹೆಗಲಿಗೇರಿಸುತ್ತಿದ್ದರು. ಅವರ ಕಥೆ ಹೇಳುವುದಕ್ಕೆ ನನಗಿಂತ ಲಾಯಕ್ಕಾದವರು ಯಾರೂ ಇಲ್ಲ. ಯಾಕೆಂದರೆ ಅವರು ಕಲಿಸಿದ್ದನ್ನೆಲ್ಲ ಚಾಚೂ ತಪ್ಪದೆ ಕಲಿತವಳು ನಾನು.

ಹತ್ತೊಂಬತ್ತನೇ ವಯಸ್ಸಿಗೆ ಅವರು ಈ ಆಸ್ಪತ್ರೆಗೆ ಬಂದದ್ದು ಬಾಟಲಿ ತೊಳೆಯುವ ಕೆಲಸಕ್ಕೆ. ಸಂಜೆ ತರಗತಿಗೆ ಹೋಗಿ ಸರ್ಟಿಫಿಕೇಟು ತೆಗೆದುಕೊಂಡರು, ಮೂರು ಸಲ ಫೇಲಾಗಿ ನಾಲ್ಕನೇ ಸಲ ಪಾಸಾದರು. ಕೆಲಸ ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಪ್ಲೇಟಿನ ಮುಚ್ಚಳ ತೆಗೆದರೆ ವಾಸನೆಯಲ್ಲೇ ಯಾವ ಬ್ಯಾಕ್ಟೀರಿಯಾ ಅನ್ನುತ್ತಿದ್ದರು, ಮರುದಿನ ಅದೇ ಆಗಿರುತ್ತಿತ್ತು. ವಾಸನೆ ನೋಡಬಾರದು ಅಂತಲೂ ಗೋಡೆಯ ಮೇಲೆ ಬರೆದಿದೆ. ಅದನ್ನು ಅಂಟಿಸಿದವರೂ ಅವರೇ.

ಬಾಯಿ ಮಾತ್ರ ಕೆಟ್ಟದ್ದು. ಎಲ್ಲರಿಗೂ ಹೆಸರಿಡುತ್ತಿದ್ದರು. ರಕ್ತ ತೆಗೆಯುವವಳು ಸೊಳ್ಳೆ. ಲ್ಯಾಬಿನ ಡಾಕ್ಟರು, ನಾವು ಮೇಡಂ ಅನ್ನುವವರು, ಅವರ ಬೆನ್ನ ಹಿಂದೆ ಸಹಿ. ಸಹಿ ಮಾಡುವುದು ಬಿಟ್ಟು ಬೇರೇನೂ ಮಾಡುವುದಿಲ್ಲ ಅಂತ. ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಏನೋ ನಾಲ್ಕು ಪ್ರಶ್ನೆ ಕೇಳಿದೆ, ಪ್ರಶ್ನೆಪತ್ರಿಕೆ ಆದೆ. ರೋಗಿಗಳಿಗೆ ಹೆಸರೇ ಇರಲಿಲ್ಲ, ಮಂಚದ ನಂಬರು. "ಹನ್ನೊಂದು ಖಾಲಿ ಆಯ್ತಂತೆ," ಅನ್ನುತ್ತಿದ್ದರು, ಬಾಯಲ್ಲಿ ಅನ್ನ ಇಟ್ಟುಕೊಂಡೇ. ಖಾಲಿ ಆಯ್ತು ಎಂದರೆ ಸತ್ತರು ಅಂತ.

ಸೇರಿದ ಮೊದಲ ವಾರದ ಮಾತು. ದೊಡ್ಡ ಔಷಧಿಯ ಪುಡಿ ದುಬಾರಿ, ಒಮ್ಮೆ ಕಲಸಿದರೆ ಅವತ್ತೇ ಮುಗಿಸಬೇಕು. ಅದಕ್ಕೆ ಸರ್ ಒಂದು ಪದ್ಧತಿ ಮಾಡಿದ್ದರು: ಬೆಳಿಗ್ಗೆಯಿಂದ ಬಂದದ್ದನ್ನೆಲ್ಲ ಕೂಡಿಸಿಟ್ಟು, ಊಟವಾದ ಮೇಲೆ ಒಂದೇ ಸಲ ಪುಡಿ ಕಲಸಿ, ಎರಡೂವರೆಗೆ ಎಲ್ಲ ಟ್ಯೂಬುಗಳನ್ನೂ ಒಟ್ಟಿಗೆ ಬಿಸಿ ಪೆಟ್ಟಿಗೆಗೆ ಇಡುವುದು. ಎರಡೂವರೆಗೆ ಎರಡು ಗಂಟೆ ಕೂಡಿಸಿ. ನಾಲ್ಕೂವರೆ. ಆಸ್ಪತ್ರೆಯ ಬಸ್ಸು ಹೊರಡುವುದು ನಾಲ್ಕು ಹತ್ತಕ್ಕೆ. ಆಮೇಲಿನದು ಆರೂಕಾಲಿಗೆ. ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಎಲ್ಲರೂ ಹೋದ ಮೇಲೆ ನಾನು ಸ್ಟೂಲಿನ ಮೇಲೆ ಕೂತು ನಾಲ್ಕೂವರೆವರೆಗೆ ಕಾದೆ, ಬಣ್ಣ ನೋಡಿ ಬರೆದೆ, ಮನೆಗೆ ನಡೆದುಕೊಂಡು ಹೋದೆ.

ಮರುದಿನ ಸರ್ ಎಲ್ಲರ ಎದುರು ಕರೆದರು.

"ನಿನ್ನೆ ಎಷ್ಟೊತ್ತಿಗೆ ಹೋದೆ, ಪ್ರಶ್ನೆಪತ್ರಿಕೆ?"

"ಟ್ಯೂಬ್ ನೋಡ್ಕೊಂಡು ಹೊರಟೆ ಸರ್. ನಾಲ್ಕೂವರೆ ದಾಟಿತ್ತು."

"ಓಹೋ! ನೀನೊಬ್ಬಳು ನಾಲ್ಕೂವರೆವರೆಗೆ ಕೂತರೆ, ನಾಲ್ಕಕ್ಕೆ ಎದ್ದು ಹೋದ ನಾವೆಲ್ಲ ಏನು ಕಳ್ಳರಾ?"

ನಾನು ಬಾಯಿ ತೆರೆಯುವುದರೊಳಗೆ ಅವರು ಚಪ್ಪಾಳೆ ತಟ್ಟಿದರು. "ಏಳ್ರಪ್ಪಾ ಎಲ್ಲರೂ, ಎದ್ದು ನಿಂತ್ಕೊಳ್ಳಿ. ಸತ್ಯಹರಿಶ್ಚಂದ್ರನ ಮೊಮ್ಮಗಳು ಬಂದಿದ್ದಾಳೆ."

ಎದ್ದು ನಿಂತರು, ಅಷ್ಟೂ ಜನ, ಹಲ್ಲು ಕಿರಿದುಕೊಂಡು. ಸೊಳ್ಳೆ ಕೈ ಮುಗಿದಳು. ಆವತ್ತಿನಿಂದ ಒಂದು ತಿಂಗಳು ನನ್ನನ್ನು ಮಲಪರೀಕ್ಷೆಯ ಡಬ್ಬಿ ಇಸಿದುಕೊಳ್ಳುವ ಕಿಟಕಿಗೆ ಹಾಕಿದರು. ನನ್ನದು ವರ್ಷ ವರ್ಷಕ್ಕೆ ಸಹಿ ಬೀಳಬೇಕಾದ ಕೆಲಸ, ಬಾಯಿ ಬಿಡುವ ಹಾಗಿಲ್ಲ. ಮನೆಗೆ ಹೋಗಿ ಎಷ್ಟು ಕೈ ತೊಳೆದರೂ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ಸಿಟ್ಟು ಈಗಲೂ ಇದೆ. ಇಲ್ಲ ಎಂದರೆ ನಾಲಿಗೆಗೆ ಹುಳ ಬೀಳಲಿ.

ತಿಂಗಳು ಕಳೆದ ಮೇಲೆ ವಾಪಸ್ ಕರೆಸಿಕೊಂಡು, ತಮ್ಮ ಕಪಾಟಿನಿಂದ ಒಂದು ಹಳೇ ನೋಟ್‌ಬುಕ್ಕು ತೆಗೆದು ತೋರಿಸಿದರು. ಈ ಪರೀಕ್ಷೆ ಶುರುವಾದ ವರ್ಷದ್ದು. ಪ್ರತಿ ಟ್ಯೂಬು ಎಷ್ಟನೇ ನಿಮಿಷಕ್ಕೆ ಬಣ್ಣ ಬಿಟ್ಟಿತು ಅಂತ ಮುದ್ದಾದ ಅಕ್ಷರದಲ್ಲಿ ಬರೆದಿದ್ದರು.

"ಒಂದು ವರ್ಷ ನಾನೂ ಕಾದಿದ್ದೀನಿ ಕಣಮ್ಮ. ಆರೂಕಾಲಿನ ಬಸ್ಸಿಗೆ ಹೋಗ್ತಿದ್ದೆ. ನಮ್ಮನೆಯವಳು ಯಾವಳನ್ನ ಇಟ್ಕೊಂಡಿದ್ದೀಯ ಅಂತ ಕೇಳಿದ್ಳು. ಲೆಕ್ಕ ನೋಡು. ನಾಲ್ಕು ಗಂಟೆಗೆ ಕೆಂಪಾಗಿದ್ದ ನೂರು ಟ್ಯೂಬಲ್ಲಿ ಆಮೇಲಿನ ಅರ್ಧ ಗಂಟೇಲಿ ಬಣ್ಣ ಬದಲಾಯಿಸಿದ್ದು ಎರಡೇ ಎರಡು. ನೂರಕ್ಕೆ ಎರಡು! ಆ ಎರಡಕ್ಕೋಸ್ಕರ ಇಷ್ಟು ಜನ ಬಸ್ ಬಿಡಬೇಕಾ?"

"ಆ ಇಬ್ಬರು ಏನಾದ್ರು ಸರ್?" ಅಂದೆ. ಚಟ ಬಿಡುವುದಿಲ್ಲ ನೋಡಿ.

"ಯಾವ ಇಬ್ಬರು?" ಅಂದರು. ನಿಜವಾಗಿಯೂ ಅವರಿಗೆ ಅರ್ಥವಾಗಲಿಲ್ಲ.

ಆಮೇಲೆ ಕಲಿತೆ. ರಿಜಿಸ್ಟರಿನಲ್ಲಿ ಇಟ್ಟ ಸಮಯ, ನೋಡಿದ ಸಮಯ ಅಂತ ಎರಡು ಕಲಂ. ಬೆಳಿಗ್ಗೆಯೇ, ಇನ್ನೂ ಪುಡಿ ಕಲಸುವ ಮೊದಲೇ, ಎರಡನ್ನೂ ತುಂಬಿಬಿಡುವುದು: ಎರಡೂವರೆ, ನಾಲ್ಕೂವರೆ. ನಾಲ್ಕಕ್ಕೆ ಒಂದು ನೋಟ ಹಾಕಿ, ವಾರ್ಡಿಗೆ ಫೋನ್ ಮಾಡಿ, ಟ್ಯೂಬುಗಳನ್ನು ಕಸದ ಡಬ್ಬಿಗೆ ಹಾಕಿಯೇ ಹೊರಡಬೇಕು. ಬೆಳಿಗ್ಗೆ ಬಂದು ಇಣುಕಿ ನೋಡಬಾರದು. "ಎರಡು ಗಂಟೆ ಮೀರಿದ ಬಣ್ಣ ಬಣ್ಣವೇ ಅಲ್ಲ" ಅನ್ನುತ್ತಿದ್ದರು. ಇದು ಗೋಡೆಯ ಕಾಗದದಲ್ಲೂ ಇದೆ, ನಿಜ ಕೂಡ. ಆ ಕಾಗದದಲ್ಲಿ ತಮಗೆ ಅನುಕೂಲವಾದ ಸಾಲನ್ನು ಸರ್ ಶ್ರದ್ಧೆಯಿಂದ ಪಾಲಿಸುತ್ತಿದ್ದರು.

ಹೀಗೆ ಹನ್ನೊಂದು ವರ್ಷ. ಅದರಲ್ಲಿ ಕೊನೆಯ ಏಳು ನನ್ನವೂ ಹೌದು.

ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಸರ್‌ಗೆ ಪಿತ್ತಕೋಶದ ಕಲ್ಲು ಹೊಟ್ಟೆ ಹಿಂಡಿತು. ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್ ಆಯಿತು. ಒಂಬತ್ತನೇ ದಿನ ಚಳಿ ಜ್ವರ. ವಾರ್ಡಿನ ಡಾಕ್ಟರು ದೊಡ್ಡ ಆಂಟಿಬಯೋಟಿಕ್ ಶುರು ಮಾಡಿ, ರಕ್ತ ತೆಗೆದು ಲ್ಯಾಬಿಗೆ ಕಳಿಸಲು ಹೇಳಿದರು. ಸರ್ ಹೆಂಡತಿ, ಗಟ್ಟಿಗಿತ್ತಿ, ಬೇರೆ ದೊಡ್ಡ ಲ್ಯಾಬಿಗೂ ಒಂದು ಬಾಟಲಿ ಕಳಿಸೋಣ ಅಂದರಂತೆ. ಸರ್ ಹಾಸಿಗೆಯಲ್ಲೇ ಎಗರಾಡಿದರು.

"ನಾನೇ ಕಟ್ಟಿದ ಲ್ಯಾಬ್ ಬಿಟ್ಟು ನನ್ನ ರಕ್ತ ಇನ್ನೊಬ್ಬರ ಬಾಗಿಲಿಗೆ ಹೋಗೋದಾ? ನಾಳೆ ಮುಖ ಎತ್ಕೊಂಡು ಓಡಾಡೋದು ಹೇಗೆ?"

ಹೋಗಲಿಲ್ಲ. ನಮ್ಮ ಬಾಗಿಲಿಗೇ ಬಂತು. ನಾಲ್ಕನೇ ವಾರ್ಡು, ಏಳನೇ ಮಂಚ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದು ಕೂತಿತ್ತು. ಔಷಧಿಯ ಡಿಸ್ಕ್ ಇಟ್ಟು ಮಾಡುವ ಇನ್ನೊಂದು ಪರೀಕ್ಷೆ ಉತ್ತರ ಹೇಳಲು ಬುಧವಾರದ ತನಕ ಹಿಡಿಯುತ್ತದೆ. ಅಲ್ಲಿಯವರೆಗೆ ಟ್ಯೂಬಿನ ಮಾತೇ ವೇದವಾಕ್ಯ. ಅದು ಹಳದಿಯಾದರೆ ಆ ಕ್ಷಣವೇ ಔಷಧಿ ಬದಲಾಯಿಸಬೇಕು, ಇಲ್ಲದಿದ್ದರೆ ಜೀವ ಹೋಗುತ್ತದೆ. ಇದು ಸರ್ ರಕ್ತ ಅಂತ ನನಗೆ ಗೊತ್ತಿತ್ತು. ಲ್ಯಾಬಿಗೆಲ್ಲ ಗೊತ್ತಿತ್ತು. ಒಂಬತ್ತಕ್ಕೇ ಪುಡಿ ಕಲಸಿ ಇಟ್ಟಿದ್ದರೆ ಹನ್ನೊಂದಕ್ಕೆ ಎರಡು ಗಂಟೆ ಪೂರ್ತಿಯಾಗುತ್ತಿತ್ತು. ಒಬ್ಬರಿಗೋಸ್ಕರ ಪುಡಿಯ ಸೀಸೆ ಒಡೆಯಬಾರದು ಅಂತ ಪದ್ಧತಿ. ಪದ್ಧತಿ ಮಾಡಿದವರ ರಕ್ತಕ್ಕೂ ಅದೇ ಪದ್ಧತಿ. ರಿಜಿಸ್ಟರ್ ತೆಗೆದು ಎರಡೂವರೆ, ನಾಲ್ಕೂವರೆ ಅಂತ ತುಂಬಿದೆ, ಡಿಸ್ಕ್ ಕೆಲಸಕ್ಕೆ ಕೈ ಹಾಕಿದೆ.

ನಾಲ್ಕಕ್ಕೆ ಟ್ಯೂಬುಗಳನ್ನು ಬೆಳಕಿಗೆ ಹಿಡಿದೆ. ಮೊದಲನೆಯದು ಕೆಂಪು. ಎರಡನೆಯದೂ ಕೆಂಪು. ಎರಡನೆಯದರ ಕೆಂಪು ಚೂರು ಮಂಕಾಗಿತ್ತೇ? ಮಂಕಾಗಿತ್ತು. ಈಗ ಸುಳ್ಳು ಹೇಳಿ ಯಾವ ಗುಡ್ಡೆ ಹಾಕಿಕೊಳ್ಳಲಿ? ಕಂಡಿತು, ತಪ್ಪನ್ನು ಟ್ಯೂಬ್‌ಲೈಟಿನ ಮೇಲೆ ಹಾಕಿದೆ. ಸೊಳ್ಳೆ ಬಾಗಿಲಲ್ಲಿ ನಿಂತು "ಬರ್ತೀಯೇನೇ, ಇಲ್ಲ ಇವತ್ತೂ ಹರಿಶ್ಚಂದ್ರನಾ?" ಅಂದಳು. ವಾರ್ಡಿಗೆ ಫೋನ್ ಮಾಡಿದೆ: "ಏಳನೇ ಮಂಚ, ಕಿಣ್ವ ಇಲ್ಲ. ಈಗಿನ ಔಷಧೀನೇ ಮುಂದುವರಿಸಬಹುದು." ಅವಸರದಲ್ಲಿ ಟ್ಯೂಬುಗಳನ್ನು ಎಸೆಯುವುದನ್ನೇ ಮರೆತೆ.

ಸೇಡಿಗೋಸ್ಕರ ಮಾಡಿದೆ ಅಂತ ನೀವು ಅಂದುಕೊಂಡರೆ ಅದು ನನಗೆ ಕೊಡುವ ಮರ್ಯಾದೆ. ಸೇಡಲ್ಲ. ಸೇಡಾಗಿದ್ದರೆ ಅವರ ಜೀವಕ್ಕೆ ಅಷ್ಟಾದರೂ ಬೆಲೆ ಇತ್ತು ಅಂತಾಗುತ್ತಿತ್ತು. ನಾಲ್ಕು ಐದಕ್ಕೆ ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಸೀಟು ಸಿಗುತ್ತದೆ, ಅಷ್ಟೇ.

ಬುಧವಾರ ಬೆಳಿಗ್ಗೆ ಬಿಸಿ ಪೆಟ್ಟಿಗೆ ತೆರೆದಾಗ ಅವು ಅಲ್ಲೇ ನಿಂತಿದ್ದವು. ಮೊದಲನೆಯದು ಕೆಂಪು. ಎರಡನೆಯದು ನಿಂಬೆಹಣ್ಣಿನ ಹಳದಿ. ಎರಡು ಗಂಟೆ ಮೀರಿದ ಬಣ್ಣ ಬಣ್ಣವಲ್ಲ ಅಂತ ಗಟ್ಟಿಯಾಗಿಯೇ ಹೇಳಿಕೊಂಡೆ. ಡಿಸ್ಕಿನ ಪ್ಲೇಟು ತೆಗೆದೆ. ಅದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು, ಔಷಧಿ ನಾಟುತ್ತದೆ ಅನ್ನುವಂತೆಯೂ ಇಲ್ಲ, ಇಲ್ಲ ಅನ್ನುವಂತೆಯೂ ಇಲ್ಲ. ಏಳು ವರ್ಷದಲ್ಲಿ ಮೊದಲ ಸಲ ಬೆಳಿಗ್ಗೆ ಪುಡಿ ಒಡೆದೆ. ಒಂಬತ್ತೂಕಾಲಿಗೆ ಇಟ್ಟು, ಸ್ಟೂಲು ಎಳೆದುಕೊಂಡು ಪೆಟ್ಟಿಗೆಯ ಎದುರು ಕೂತೆ. ಹತ್ತೂಮುಕ್ಕಾಲಿಗೆ ಕೆಂಪು, ಚೂರು ಮಂಕು. ಅಂದರೆ ನಮ್ಮ ನಾಲ್ಕು ಗಂಟೆ. ಹನ್ನೊಂದು ಐದಕ್ಕೆ, ಇಟ್ಟು ಒಂದು ಗಂಟೆ ಐವತ್ತು ನಿಮಿಷಕ್ಕೆ, ಹಳದಿ.

ಆ ಕ್ಷಣವೇ ಮೇಡಂ ಹತ್ತಿರ ಓಡಬೇಕಿತ್ತು. ಓಡಲಿಲ್ಲ. "ನಿನ್ನೆ ಹೇಗೆ ಕೆಂಪಿತ್ತು?" ಅಂದರೆ ಏನು ಹೇಳಲಿ? ಒಂದು ದಾರ ಎಳೆದರೆ ಹನ್ನೊಂದು ವರ್ಷದ ರಿಜಿಸ್ಟರು ಬಿಚ್ಚಿಕೊಳ್ಳುತ್ತದೆ. ಇಡೀ ಒಂದು ಗಂಟೆ ತೊಳೆದ ಗಾಜನ್ನೇ ಮತ್ತೆ ತೊಳೆಯುತ್ತ ನಿಂತೆ. ಆಮೇಲೆ ಏನು ಮಾಡಿದೆ ಗೊತ್ತೇ? ಅವರನ್ನೇ ಕೇಳಲು ಹೋದೆ.

ಮುಖ ಹಳದಿಗಟ್ಟಿ, ತುಟಿ ಒಡೆದು, ಸರ್ ಅರ್ಧ ಆಗಿದ್ದರು. ಅವರ ಹೆಂಡತಿ ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದರು.

"ಬಾಮ್ಮ, ಕೂತ್ಕೋ. ಜ್ವರ ಇಳೀತಾನೇ ಇಲ್ಲ ನೋಡು," ಅಂದರು. "ಆದ್ರೂ ನಿನ್ನ ರಿಪೋರ್ಟ್ ಬಂದ ಮೇಲೆ ನನಗೆ ಧೈರ್ಯ ಬಂತು. ಇದೇ ಔಷಧಿ ನಾಟುತ್ತೆ, ಸ್ವಲ್ಪ ತಡ ಆಗಬಹುದು ಅಂದ್ರು ಡಾಕ್ಟರು. ನಿಮ್ಮೆಜಮಾನರ ಲ್ಯಾಬಿನ ರಿಪೋರ್ಟು, ಕಣ್ಣು ಮುಚ್ಚಿ ನಂಬಬಹುದು ಅಂದ್ರು."

ನಾನು ನೀರು ತರುತ್ತೀರಾ ಅಂತ ಅವರನ್ನು ಹೊರಗೆ ಕಳಿಸಿದೆ. ಸರ್ ಕಿವಿಯ ಹತ್ತಿರ ಬಗ್ಗಿದೆ.

"ಸರ್, ಇವತ್ತು ಮತ್ತೆ ಇಟ್ಟಿದ್ದೆ. ಹಳದಿ ಆಯ್ತು."

ಕಣ್ಣು ತೆರೆದರು. "ಎಷ್ಟನೇ ನಿಮಿಷಕ್ಕೆ?"

"ನೂರಾ ಹತ್ತು."

ಮೇಲಿನ ಫ್ಯಾನು ನೋಡಿದರು. ಲೆಕ್ಕ ಹಾಕುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಆ ಲೆಕ್ಕ ಅವರಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ?

"ನೂರಕ್ಕೆ ಎರಡು," ಅಂದರು. ಆಮೇಲೆ, "ನಿನ್ನೆ ಬಸ್ ಸಿಕ್ತಾ?"

"ಸಿಕ್ತು ಸರ್."

"ಸೀಟು?"

"ಸಿಕ್ತು."

ಬಯ್ಯುತ್ತಾರೆ ಅಂತ ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. ಅವರು ನನ್ನ ಮಣಿಕಟ್ಟು ಹಿಡಿದರು, ಕೆಂಡದಂಥ ಬಿಸಿ.

"ರಿಪೋರ್ಟ್ ಬದಲಾಯಿಸು. ಪುಡಿಗೆ ಗಾಳಿ ತಾಗಿತ್ತು ಅಂತ ಬರಿ. ಟೈಮ್ ವಿಷಯ ಎತ್ತಬೇಡ. ಎತ್ತಿದ್ರೂ ನಿಂದೊಬ್ಬಳದೇ ತಪ್ಪು ಅನ್ನು. ನನ್ನ ಹೆಸರು ಬರಬಾರದು, ತಿಳೀತಾ ಪ್ರಶ್ನೆಪತ್ರಿಕೆ? ನಾಲ್ಕು ತಿಂಗಳಿದೆ."

ಸಾಯುತ್ತಿದ್ದ ಮನುಷ್ಯ ನಿವೃತ್ತಿಯ ಹಾರದ ಲೆಕ್ಕ ಹಾಕುತ್ತಿದ್ದ. ಅಯ್ಯೋ ಅನ್ನಿಸಬೇಕಿತ್ತು. ಮೈ ಉರಿಯಿತು. ನನ್ನ ಕೆಲಸ ಹೋದರೂ ಅವರ ಹೆಸರು ಉಳಿಯಬೇಕು! ಕೈ ಬಿಡಿಸಿಕೊಂಡು ಬಂದೆ.

ಪುಡಿಗೆ ಗಾಳಿ ತಾಗಿತ್ತು ಅಂತಲೇ ಬರೆದೆ. ಸಹಿ ಮಾಡಬೇಕಾದ ಮೇಡಂ ಮೀಟಿಂಗಿನಲ್ಲಿದ್ದರು. ಮೂರು ಗಂಟೆಗೆ ಬಂದು ರಿಜಿಸ್ಟರ್ ನೋಡಿದರು.

"ನಿನ್ನೆ ಎರಡು ಗಂಟೆ ಪೂರ್ತಿ ಇಟ್ಟಿದ್ದೆ ತಾನೆ?"

"ಹೌದು ಮೇಡಂ."

ನಾಲ್ಕೂವರೆ ಅನ್ನುವ ನನ್ನ ಅಕ್ಷರದ ಮೇಲೆ ಅವರ ಪೆನ್ನು ಒಂದು ಕ್ಷಣ ನಿಂತಿತು. ದಿನಾ ಮೂರೂಮುಕ್ಕಾಲಿಗೆ ಅವರ ಕಾರು ಹೊರಡುತ್ತದೆ, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಸಹಿ ಬಿತ್ತು. ಹೊಸ ಔಷಧಿ ಆಸ್ಪತ್ರೆಯಲ್ಲಿ ಇರಲಿಲ್ಲ. ಹೊರಗಿಂದ ತರಿಸಿ ಏರಿಸುವಾಗ ಸಂಜೆ ಆರಾಗಿತ್ತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಏಳನೇ ಮಂಚ ಖಾಲಿ ಆಯಿತು. ವಾರ್ಡಿನ ಡಾಕ್ಟರು ಕಾರಿಡಾರಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು: "ಹೊಸ ಔಷಧಿ ಒಂದು ದಿನ ಮುಂಚೆ ಶುರುವಾಗಿದ್ರೆ ಉಳೀತಿದ್ರೋ ಏನೋ."

ಮಾಡಿದ್ದುಣ್ಣೋ ಮಹಾರಾಯ ಅಂತ ಹೇಳಿ ಮುಗಿಸಿಬಿಡಬಹುದು. ಆದರೆ ಅವರು ಮಾಡಿದ್ದನ್ನು ಅವರಿಗಿಂತ ಮೊದಲು ಎಷ್ಟು ಜನ ಉಂಡಿದ್ದರು? ಆ ನೋಟ್‌ಬುಕ್ಕು ಈಗ ನನ್ನ ಕಪಾಟಿನಲ್ಲಿದೆ. ಹನ್ನೊಂದು ವರ್ಷದ ಕೆಂಪು ಟ್ಯೂಬುಗಳನ್ನು ರಿಜಿಸ್ಟರಿನಲ್ಲಿ ಎಣಿಸಿ, ನೂರಕ್ಕೆ ಎರಡರಂತೆ ಲೆಕ್ಕ ಹಾಕಿದೆ. ಅರವತ್ತೆರಡು. ಅವರಲ್ಲಿ ಒಬ್ಬರ ಹೆಸರು ಮಾತ್ರ ನನಗೆ ಗೊತ್ತು. ಉಳಿದವರು ಮಂಚಗಳು.

ಸೋಮವಾರ ಲ್ಯಾಬಿನಲ್ಲೇ ಸಂತಾಪ ಸಭೆ ಇಟ್ಟರು, ಮೂರೂಮುಕ್ಕಾಲಿಗೆ. ಮೇಡಂ ಅವತ್ತು ಕಾರು ತಡೆದು ನಿಂತಿದ್ದರು. ಸರ್ ಹೆಂಡತಿ ಮುಂದಿನ ಕುರ್ಚಿಯಲ್ಲಿದ್ದರು. ಮೇಡಂ ರಿಜಿಸ್ಟರನ್ನೇ ಎತ್ತಿ ತೋರಿಸಿದರು.

"ಹನ್ನೊಂದು ವರ್ಷ. ಒಂದೇ ಒಂದು ಟ್ಯೂಬನ್ನು ಎರಡು ಗಂಟೆಗೆ ಮುಂಚೆ ನೋಡಿದ ದಾಖಲೆ ಇದರಲ್ಲಿಲ್ಲ. ಅವರು ಬೆಳೆಸಿದ ಶಿಸ್ತು ಅದು. ಅವರದೇ ರಕ್ತ ಬಂದಾಗಲೂ ನೋಡಿ: ಎರಡೂವರೆ, ನಾಲ್ಕೂವರೆ."

ನನ್ನ ಅಕ್ಷರ. ಸರ್ ಹೆಂಡತಿ ತಿರುಗಿ ನನ್ನ ಕಡೆ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಕೈ ಮುಗಿದರು. ಅದೇ ಕೋಣೆಯಲ್ಲಿ ಹಿಂದೊಮ್ಮೆ ಸೊಳ್ಳೆ ಕೈ ಮುಗಿದಿದ್ದಳು. ನಾನು ತಲೆ ತಗ್ಗಿಸಿದೆ. ನಾಚಿಕೆಯಾಯಿತು, ಸಾಯುವಷ್ಟು. ಬಾಯಿ ಮಾತ್ರ ತೆರೆಯಲಿಲ್ಲ.

"ಎರಡು ನಿಮಿಷ ಮೌನ," ಅಂದರು ಮೇಡಂ.

ಎಲ್ಲರೂ ಎದ್ದು ನಿಂತೆವು. ಗೋಡೆಯ ಗಡಿಯಾರ ನಾಲ್ಕು ಗಂಟೆ ನಾಲ್ಕು ನಿಮಿಷ ತೋರಿಸುತ್ತಿತ್ತು. ಬಿಸಿ ಪೆಟ್ಟಿಗೆಯೊಳಗೆ ಅವತ್ತಿನ ಎರಡೂವರೆಯ ಟ್ಯೂಬುಗಳಿದ್ದವು, ಅವುಗಳ ರಿಪೋರ್ಟು ಆಗಲೇ ಹೋಗಿತ್ತು. ನಾನು ಸೆಕೆಂಡಿನ ಮುಳ್ಳು ನೋಡುತ್ತಿದ್ದೆ. ಐವತ್ತಕ್ಕೆ ಯಾರೋ ಕೆಮ್ಮಿದರು. ಐವತ್ತೈದಕ್ಕೆ ಸೊಳ್ಳೆ ಬ್ಯಾಗಿನ ಜಿಪ್ ಎಳೆದಳು. ಒಂದು ನಿಮಿಷ ತುಂಬುವುದರೊಳಗೆ ಮೇಡಂ ಥ್ಯಾಂಕ್ಯೂ ಅಂದರು, ಎಲ್ಲರೂ ಬಾಗಿಲ ಕಡೆ ನುಗ್ಗಿದರು. ಸರ್ ಹೆಂಡತಿ ಇನ್ನೂ ಕಣ್ಣು ಮುಚ್ಚಿಕೊಂಡು ನಿಂತೇ ಇದ್ದರು.

ಬಸ್ಸು ಸಿಕ್ಕಿತು. ಸೀಟೂ ಸಿಕ್ಕಿತು.